ಬ್ಯಾಕಪ್ ನಡೆಯುವಾಗಲೂ ಬಿಲ್ಲಿಂಗ್ ನಿಲ್ಲದಿರಲಿ: ವಿಎಂಗೆ ಬ್ಯಾಂಡ್‌ವಿಡ್ತ್ ಖಾತರಿ

ಕೋಲಾರದ ಎಪಿಎಂಸಿ ಯಾರ್ಡ್‌ನಲ್ಲಿ ಟೊಮೆಟೊ ಹರಾಜಿನ ಹೊತ್ತಿಗೆ ಮಂಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ತಡವರಿಸಿದರೆ ರೈತರಿಂದ ಲಾರಿಯವರವರೆಗೆ ಎಲ್ಲರೂ ಕಾಯಬೇಕು. ಬಿಲ್ಲಿಂಗ್, ಕ್ಯಾಮೆರಾ ರೆಕಾರ್ಡಿಂಗ್, ಬ್ಯಾಕಪ್ ಮೂರೂ ಒಂದೇ ಸರ್ವರ್‌ನ ಮೂರು ವಿಎಂಗಳಾಗಿದ್ದರೆ (ವರ್ಚುವಲ್ ಮಷೀನ್, ಅಂದರೆ ಸರ್ವರ್ ಒಳಗೆ ಸಾಫ್ಟ್‌ವೇರ್‌ನಿಂದ ನಡೆಯುವ ಪ್ರತ್ಯೇಕ ಕಂಪ್ಯೂಟರ್), ಬ್ಯಾಕಪ್ ಒಂದೇ ಇಡೀ ಗಿಗಾಬಿಟ್ ಪೋರ್ಟನ್ನು ನುಂಗಿಬಿಡಬಹುದು. ವಿಎಂ ನಡೆಸುವ ಲಿನಕ್ಸ್ ಕೆವಿಎಂ, ಅವನ್ನು ನಿರ್ವಹಿಸುವ ಲಿಬ್‌ವರ್ಟ್ ಇದ್ದರೆ ಇದನ್ನು ತಡೆಯಲು ಹೊಸ ಸಾಮಾನು ಬೇಕಿಲ್ಲ.

ಮೊದಲು ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಹಾಕಿ ಅಳೆಯಿರಿ. ಗಿಗಾಬಿಟ್ ಪೋರ್ಟ್‌ನಲ್ಲಿ ಸೆಕೆಂಡಿಗೆ ಸುಮಾರು 940 ಮೆಗಾಬಿಟ್ ಬರುತ್ತದೆ. ಖಾತರಿ ಲೆಕ್ಕವನ್ನು 880ಕ್ಕೇ ನಿಲ್ಲಿಸಿ. ಆಗ ದಟ್ಟಣೆಯ ಸಾಲು ಹೊರಗಿನ ಸ್ವಿಚ್‌ನಲ್ಲಿ ಬೆಳೆಯದೆ ನಿಮ್ಮ ಹಿಡಿತದ ಸರ್ವರ್‌ನಲ್ಲೇ ನಿಲ್ಲುತ್ತದೆ.

ಲಿಬ್‌ವರ್ಟ್ ಕೇಳುವುದು ಸೆಕೆಂಡಿಗೆ ಎಷ್ಟು ಕಿಲೋಬೈಟ್ ಎಂದು. ಹೆಚ್ಚಿನವರು ಎಡವುವುದು ಇಲ್ಲೇ. ಕಿಲೋಬಿಟ್ ಲೆಕ್ಕ ಬರೆದರೆ ಅಂಕಿ ಎಂಟು ಪಟ್ಟಾಗುತ್ತದೆ. 880 ಮೆಗಾಬಿಟ್ ಎಂದರೆ 110000 ಕಿಲೋಬೈಟ್. ವಿಎಂಗಳನ್ನು ಜೋಡಿಸುವ ವರ್ಚುವಲ್ ನೆಟ್‌ವರ್ಕ್‌ನ ಎಕ್ಸ್‌ಎಂಎಲ್ ಸೆಟ್ಟಿಂಗ್‌ನಲ್ಲಿ ಇನ್‌ಬೌಂಡ್ ಆವರೇಜ್‌ಗೆ, ಅಂದರೆ ಒಳಬರುವ ದಟ್ಟಣೆಯ ಸರಾಸರಿ ವೇಗಕ್ಕೆ, ಈ ಅಂಕಿ ಕೊಡಿ. ಈ ಒಟ್ಟು ಮೊತ್ತ ಬರೆಯದೆ ಯಾವ ವಿಎಂಗೂ ಫ್ಲೋರ್, ಅಂದರೆ ಕನಿಷ್ಠ ಖಾತರಿ, ಕೊಡಲಾಗದು. ನೆಟ್‌ವರ್ಕ್ ರೂಟ್ (ವಿಎಂಗಳ ವಿಳಾಸ ಹೊರಗೂ ಕಾಣುವ) ಅಥವಾ ನ್ಯಾಟ್‌ನಂತಹ (ಅವು ಸರ್ವರ್‌ನ ವಿಳಾಸದ ಹಿಂದೆ ಅಡಗುವ) ಮೋಡ್‌ನಲ್ಲಿರಬೇಕು. ಹೋಸ್ಟ್‌ನ, ಅಂದರೆ ಸರ್ವರ್‌ನ, ಬ್ರಿಡ್ಜ್‌ಗೆ (ಒಳಗಿನ ಸಾಫ್ಟ್‌ವೇರ್ ಸ್ವಿಚ್) ನೇರ ಸೇರಿಸಿದ ವಿಎಂಗೆ ಫ್ಲೋರ್ ನಡೆಯುವುದಿಲ್ಲ. ಕೌಂಟರ್‌ನ ಕಂಪ್ಯೂಟರ್‌ಗಳು ವಿಎಂ ತಲುಪಬೇಕಾದ್ದರಿಂದ ರೂಟ್ ಮೋಡ್ ಮೇಲು, ಆದರೆ ವಿಎಂ ಸಬ್‌ನೆಟ್‌ನ (ವಿಎಂಗಳ ವಿಳಾಸಗಳ ಗುಂಪು) ದಾರಿಯನ್ನು ರೂಟರ್‌ನಲ್ಲಿ ಸೇರಿಸಲು ಮರೆಯಬೇಡಿ.

ಈಗ ಹಂಚಿಕೆ. ಬಿಲ್ಲಿಂಗ್‌ನ ಇಂಟರ್‌ಫೇಸ್‌ಗೆ ಇನ್‌ಬೌಂಡ್ ಫ್ಲೋರ್ 25000, ಅಂದರೆ 200 ಮೆಗಾಬಿಟ್. ತಲಾ 4 ಮೆಗಾಬಿಟ್‌ನ 30 ಕ್ಯಾಮೆರಾಗೆ 120 ಮೆಗಾಬಿಟ್ ಸಾಕು. ಸ್ವಲ್ಪ ಹೆಚ್ಚಿಗೆ ಹಿಡಿದು 20000 ಇಡಿ. ಬ್ಯಾಕಪ್‌ಗೆ ಫ್ಲೋರ್ ಬೇಡ, ಉಳಿದ 65000ರಲ್ಲಿ ನಡೆಯಲಿ. ಬಿಲ್ಲಿಂಗ್ ಸುಮ್ಮನಿದ್ದಾಗ ಅದರ ಪಾಲನ್ನು ಬೇರೆಯವು ಬಳಸಿಕೊಳ್ಳುತ್ತವೆ, ಹಾಗಾಗಿ ಏನೂ ವ್ಯರ್ಥವಾಗದು.

ಇದೆಲ್ಲ ವಿಎಂ ಒಳಗೆ ಬರುವ ದಟ್ಟಣೆಗೆ ಮಾತ್ರ. ಹೊರಹೋಗುವ ದಿಕ್ಕಿಗೆ ಫ್ಲೋರ್ ಇಲ್ಲವೇ ಇಲ್ಲ. ಅಲ್ಲಿ ಬಿಲ್ಲಿಂಗನ್ನು ಕಾಪಾಡಲು ಇರುವ ದಾರಿ ಬ್ಯಾಕಪ್‌ಗೆ ಕಡಿವಾಣ: ಔಟ್‌ಬೌಂಡ್ ಆವರೇಜ್ 50000. ಮಿತಿ ಮೀರಿದ ಪ್ಯಾಕೆಟ್‌ಗಳನ್ನು ಇಲ್ಲಿ ಬಿಸಾಡಲಾಗುತ್ತದೆ. ಆದ್ದರಿಂದ ಬರ್ಸ್ಟ್, ಅಂದರೆ ಒಮ್ಮೆಲೇ ಹಾಯಲು ಬಿಡುವ ದತ್ತಾಂಶದ ಪ್ರಮಾಣ, ತೀರಾ ಚಿಕ್ಕದಾದರೆ ವೇಗ 400 ಮೆಗಾಬಿಟ್‌ಗೂ ಏರದೆ ಕುಸಿಯುತ್ತದೆ. ಹಾಗಾದರೆ ಬರ್ಸ್ಟ್ ಹೆಚ್ಚಿಸಿ ನೋಡಿ, ಆವರೇಜ್ ಮುಟ್ಟಬೇಡಿ.

ವರ್ಚುವಲ್ ನೆಟ್‌ವರ್ಕ್‌ಗೆ ಮಾಡಿದ ಬದಲಾವಣೆ ಜಾರಿಯಾಗಲು ಆ ನೆಟ್‌ವರ್ಕನ್ನು ನಿಲ್ಲಿಸಿ ಮತ್ತೆ ಶುರುಮಾಡಬೇಕು. ಹರಾಜಿಲ್ಲದ ಹೊತ್ತಿನಲ್ಲಿ, ವಿಎಂಗಳನ್ನು ಮುಚ್ಚಿಯೇ ಮಾಡಿ.

ಪರೀಕ್ಷೆಗೆ ಎರಡು ಹೊರಗಿನ ಕಂಪ್ಯೂಟರ್‌ಗಳಿಂದ ಬಿಲ್ಲಿಂಗ್, ಬ್ಯಾಕಪ್ ಎರಡಕ್ಕೂ ಏಕಕಾಲಕ್ಕೆ ಐಪರ್ಫ್3 ಹರಿಸಿ. ಬಿಲ್ಲಿಂಗ್ 190 ಮೆಗಾಬಿಟ್‌ಗಿಂತ ಕೆಳಗಿಳಿಯಬಾರದು. 200 ಕೊಟ್ಟು 190 ಏಕೆಂದರೆ, ಪ್ಯಾಕೆಟ್‌ನ ತಲೆಬರಹ (ಹೆಡರ್) ಮಿತಿಯ ಲೆಕ್ಕಕ್ಕೆ ಸೇರುತ್ತದೆ, ಐಪರ್ಫ್‌ನ ಲೆಕ್ಕಕ್ಕೆ ಸೇರುವುದಿಲ್ಲ.