ಬಾಣಾವರದ ಕಡೆ ಹಳ್ಳೀಲಿ ಪೆನ್ಷನ್ ಕಾಗದ ಹಿಡ್ಕೊಂಡು ಕೂತಿದ್ದು: ನನ್ನ ಅನುಭವ

ನಾನು ಅರಸೀಕೆರೇಲಿ ಬಿಕಾಂ ಕೊನೇ ವರ್ಷ ಓದ್ತಿದೀನಿ. ಫಸ್ಟ್ ಇಯರಲ್ಲೇ ಎನ್ನೆಸ್ಸೆಸ್‌ಗೆ (ರಾಷ್ಟ್ರೀಯ ಸೇವಾ ಯೋಜನೆ) ಸೇರ್ಕೊಂಡೆ, ಯಾಕೆ ಅಂದ್ರೆ ನಿಜ ಹೇಳ್ತೀನಿ, ಸರ್ಟಿಫಿಕೇಟ್‌ಗೆ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಕೆಲಸ, ಮಧ್ಯದಲ್ಲಿ 7 ದಿನದ ಒಂದು ಕ್ಯಾಂಪು, ಇಷ್ಟು ಮುಗಿಸಿದ್ರೆ ಆಯ್ತು ಅಂತ ಸೀನಿಯರ್ಸ್ ಹೇಳಿದ್ರು. 240 ಗಂಟೆ ಮುಗಿದು ಬಹಳ ದಿನ ಆಯ್ತು, ಆದ್ರೆ ಭಾನುವಾರ ಬಂದ್ರೆ ಈಗಲೂ ಬಸ್ ಹತ್ತಿ ಅದೇ ಹಳ್ಳಿಗೆ ಹೋಗ್ತೀನಿ. ಅದು ಹೇಗಾಯ್ತು, ಅಲ್ಲಿ ಏನ್ ಮಾಡ್ತೀನಿ, ಎಲ್ಲಿ ತಪ್ಪು ಮಾಡ್ದೆ ಅಂತ ಬರೀತಿದೀನಿ, ಬೇರೆ ಕಾಲೇಜಿನೋರಿಗೆ ಉಪಯೋಗ ಆಗ್ಬಹುದು.

ನಮ್ ಕ್ಯಾಂಪ್ ಇದ್ದದ್ದು ಬಾಣಾವರದ ಕಡೆ ಒಂದು ಹಳ್ಳೀಲಿ. ಸುತ್ತ ತೆಂಗಿನ ತೋಟ, ಅಟ್ಟದ ಮೇಲೆ ಕೊಬ್ಬರಿ, ಮನೆಗೆ ಎರಡು ಹಸು. ನಾವು ಐವತ್ತು ಜನ ಶಾಲೇಲಿ ಉಳ್ಕೊಂಡಿದ್ವಿ. ಬೆಳಿಗ್ಗೆ ಎದ್ದು ಚರಂಡಿ ಕ್ಲೀನ್ ಮಾಡೋದು, ಶಾಲೆ ಕಾಂಪೌಂಡಿಗೆ ಸುಣ್ಣ ಬಳಿಯೋದು, ಮಧ್ಯಾಹ್ನ ಯಾರಾದ್ರೂ ಬಂದು ಭಾಷಣ ಮಾಡೋದು, ಸಂಜೆ ಕಲ್ಚರಲ್ಸ್. ಅದೆಲ್ಲ ಎಲ್ಲಾ ಕ್ಯಾಂಪಲ್ಲೂ ಇರೋದೇ, ಅದರ ಬಗ್ಗೆ ಜಾಸ್ತಿ ಹೇಳಲ್ಲ.

ಮೂರನೇ ದಿನ ಸಂಜೆ ನಾನು ಶಾಲೆ ಜಗಲಿ ಮೇಲೆ ಕೂತು ಅವತ್ತಿನ ರಿಪೋರ್ಟ್ ಬರೀತಿದ್ದೆ. ಒಬ್ಬ ಅಜ್ಜಿ ಬಂದ್ರು, ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು, ಅದರೊಳಗೆ ಇನ್ನೊಂದು ಕವರು, ಅದರೊಳಗೆ ಕಾಗದಗಳು. "ಏನವ್ವ, ಓದಕ್ಕೆ ಬರಿಯಕ್ಕೆ ಬತ್ತದಲ್ವಾ ನಿಂಗೆ, ಇದ್ನ ಒಸಿ ನೋಡು" ಅಂದ್ರು. ಸಂಧ್ಯಾ ಸುರಕ್ಷಾ ಪೆನ್ಷನ್ ಅವರದ್ದು, 65 ದಾಟಿದೋರಿಗೆ ತಿಂಗಳಿಗೆ 1200 ರೂಪಾಯಿ ಬರೋದು. ಒಂಬತ್ತು ತಿಂಗಳಿಂದ ಬಂದಿಲ್ಲ. ಪಾಸ್‌ಬುಕ್ ಇರೋ ಬ್ಯಾಂಕಿಗೆ ಮೂರು ಸಲ ಹೋಗಿದ್ರಂತೆ, ಮೂರು ಸಲಾನೂ "ಆಧಾರ್ ಲಿಂಕ್ ಆಗಿದೆ ಅಜ್ಜಿ, ನಮ್ದೇನಿಲ್ಲ, ತಾಲ್ಲೂಕಾಫೀಸಲ್ಲಿ ಕೇಳಿ" ಅಂದಿದಾರೆ. ಅಲ್ಲಿ ಹೋದ್ರೆ "ದುಡ್ಡು ಹೋಗ್ತಾ ಇದೆ, ಬ್ಯಾಂಕಲ್ಲಿ ಕೇಳಿ" ಅಂತ. ಎರಡೂ ಕಡೆಯೋರು ಹೇಳಿದ್ದು ನಿಜಾನೇ ಅಂತ ಆಮೇಲೆ ಗೊತ್ತಾಯ್ತು, ಅದೇ ಇದರಲ್ಲಿ ಕಷ್ಟದ ವಿಷಯ.

ನಂಗೆ ಅವತ್ತು ಏನೂ ಗೊತ್ತಿರ್ಲಿಲ್ಲ. ಕಾಗದ ಎಲ್ಲಾ ಸರಿ ಇತ್ತು. "ನೋಡ್ತೀನಿ ಅಜ್ಜಿ" ಅಂತ ಹೇಳಿ ಕಳಿಸ್ಬಹುದಿತ್ತು, ಆದ್ರೆ ಅವರು ಎದ್ದು ಹೋಗ್ಲಿಲ್ಲ, ಪಕ್ಕದಲ್ಲೇ ಕೂತು ಎಲೆ ಅಡಿಕೆ ಹಾಕ್ಕೊಂಡು ಮಾತಾಡ್ತಾ ಹೋದ್ರು, ನಾನೂ ಕೇಳ್ತಾ ಹೋದೆ, ಮಗ ಬೆಂಗಳೂರಲ್ಲಿರೋದು, ಮಗಳನ್ನ ಕಡೂರಿಗೆ ಕೊಟ್ಟಿರೋದು, ಹಸು ಕರು ಹಾಕಿದ್ದು, ಹೀಗೆ. ಮಾತಿನ ಮಧ್ಯೆ ಒಂದು ಮಾತು ಬಂತು. "ಮಗಳಿಗೆ ಮಗು ಆದ್ ಮೇಲೆ ನಿಂತೋಯ್ತು ಕಣವ್ವ, ಮೂಲಾ ನಕ್ಷತ್ರದಲ್ಲಿ ಹುಟ್ಟದೆ, ಊರೋರೆಲ್ಲ ಅದ್ರ ಕಾಲ್ಗುಣ ಅಂತಾರೆ" ಅಂತ. ಹೇಳೋವಾಗ ಅವರ ಗಂಟಲು ಕಟ್ತು. ಮೊಮ್ಮಗು ಮೇಲೆ ಜೀವಾನೇ ಇಟ್ಕೊಂಡಿದಾರೆ, ಆದ್ರೆ ಒಂಬತ್ತು ತಿಂಗಳಿಂದ ಮನಸ್ಸಲ್ಲಿ ಇದೊಂದು ಕೊರೀತಾ ಇದೆ.

ನಾನು ಕೇಳ್ದೆ, ಬಾಣಂತನಕ್ಕೆ ನೀವು ಕಡೂರಿಗೆ ಹೋಗಿದ್ರಾ ಅಂತ. ಹೌದು, ಐದು ತಿಂಗಳು ಅಲ್ಲೇ ಇದ್ರಂತೆ. ಅಲ್ಲಿ ಏನಾದ್ರೂ ಹೆಬ್ಬೆಟ್ಟು ಒತ್ತಿದ್ರಾ, ಯಾವುದಾದ್ರೂ ಆಫೀಸಿಗೆ ಹೋಗಿದ್ರಾ ಅಂದೆ. ಸ್ವಲ್ಪ ಹೊತ್ತು ಯೋಚ್ನೆ ಮಾಡಿ, ಮಗಳು ಸೇರಿರೋ ಮಹಿಳಾ ಸಂಘದೋರ ಜೊತೆ ಒಂದಿನ ಬ್ಯಾಂಕಿಗೆ ಹೋಗಿದ್ದೆ, ಐನೂರು ರೂಪಾಯಿ ಕಟ್ಟಿದ್ದೆ, ಆಧಾರ್ ಕಾರ್ಡ್ ಜೆರಾಕ್ಸ್ ಕೊಟ್ಟಿದ್ದೆ ಅಂದ್ರು.

ಅಲ್ಲಿಗೆ ವಿಷಯ ಹೊರಗೆ ಬಂತು, ಆದ್ರೆ ನಂಗೆ ಅದು ಅರ್ಥ ಆಗಿದ್ದು ನಮ್ ಕಾಮರ್ಸ್ ಮೇಡಂ ಹತ್ರ ಕೇಳಿದ್ ಮೇಲೆ. ಇದು ಗೊತ್ತಿಲ್ದೆ ಎಷ್ಟೋ ಜನ ಅಲೀತಿರ್ತಾರೆ, ಅದಕ್ಕೆ ಬಿಡಿಸಿ ಹೇಳ್ತೀನಿ. ಆಧಾರ್ ನಂಬರ್‌ನ ನಾಲ್ಕು ಬ್ಯಾಂಕ್ ಅಕೌಂಟಿಗೆ ಬೇಕಾದ್ರೂ ಲಿಂಕ್ ಮಾಡಿಸ್ಬಹುದು. ಆದ್ರೆ ಸರ್ಕಾರದ ದುಡ್ಡು ಆಧಾರ್ ಮೂಲಕ ಬರೋವಾಗ ಹೋಗೋದು ಒಂದೇ ಬ್ಯಾಂಕಿಗೆ. ಅದು ಯಾವ ಬ್ಯಾಂಕು ಅನ್ನೋದು, ಬ್ಯಾಂಕುಗಳ ನಡುವೆ ದುಡ್ಡು ಕಳಿಸೋ ವ್ಯವಸ್ಥೆ ನಡೆಸೋ ಎನ್‌ಪಿಸಿಐ ಅನ್ನೋ ಸಂಸ್ಥೆಯ ಮ್ಯಾಪರ್ ಅಂತ ಒಂದು ಪಟ್ಟೀಲಿ ಇರುತ್ತೆ. ಹೊಸದಾಗಿ ಬೇರೆ ಬ್ಯಾಂಕಲ್ಲಿ ಅಕೌಂಟ್ ಮಾಡ್ಸಿ ಸೀಡಿಂಗ್‌ಗೆ, ಅಂದ್ರೆ ಆಧಾರ್ ಮೂಲಕ ಬರೋ ದುಡ್ಡು ಈ ಅಕೌಂಟಿಗೇ ಬರ್ಲಿ ಅನ್ನೋದಕ್ಕೆ, ಸೈನ್ ಹಾಕಿದ್ರೆ ಹಳೇದು ಹೋಗಿ ಹೊಸದು ಅಲ್ಲಿ ಕೂರುತ್ತೆ. ಅಂದ್ರೆ ಹಳೇ ಬ್ಯಾಂಕಿನೋರು "ಲಿಂಕ್ ಆಗಿದೆ" ಅಂದಿದ್ದೂ ನಿಜ, ತಾಲ್ಲೂಕಾಫೀಸಿನೋರು "ದುಡ್ಡು ಹೋಗ್ತಿದೆ" ಅಂದಿದ್ದೂ ನಿಜ. ಹೋಗ್ತಾ ಇದ್ದದ್ದು ಕಡೂರಿಗೆ. ಗೃಹಲಕ್ಷ್ಮಿ ಎರಡು ಸಾವಿರ ಬಂದಿಲ್ಲ ಅಂತ ಬರೋ ಹೆಂಗಸರಲ್ಲೂ ಎಷ್ಟೋ ಜನಕ್ಕೆ ಇದೇ ಸಮಸ್ಯೆ ಇರೋದನ್ನ ಆಮೇಲೆ ನೋಡಿದೀನಿ.

ಇದನ್ನ ನೋಡೋದು ಸುಲಭ. ಮೈಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಅದ್ರಲ್ಲಿ ಯಾವ ಬ್ಯಾಂಕು, ಯಾವತ್ತು ಅಪ್ಡೇಟ್ ಆಗಿದೆ ಅಂತ ತೋರ್ಸುತ್ತೆ. ಆದ್ರೆ ಲಾಗಿನ್ ಆಗೋಕೆ ಓಟಿಪಿ ಬೇಕು, ಅಜ್ಜಿ ಆಧಾರಿಗೆ ಇರೋ ನಂಬರ್ ಬೆಂಗಳೂರಿನ ಮಗನದ್ದು. ಅವರು ಶಿಫ್ಟ್ ಮುಗಿಸ್ಕೊಂಡು ರಾತ್ರಿ ಹತ್ತೂವರೆಗೆ ಫೋನ್ ಮಾಡಿದ್ರು. ಓಟಿಪಿ ನಾನು ಕೇಳ್ಲಿಲ್ಲ, ಅವರ ಫೋನಲ್ಲೇ ಅವರೇ ಲಾಗಿನ್ ಆಗೋ ಹಾಗೆ ಒಂದೊಂದೇ ಹೇಳ್ಕೊಟ್ಟೆ. ಬ್ಯಾಂಕ್ ಹೆಸರು ಬಂತು, ಕಡೂರಲ್ಲಿ ಅಜ್ಜಿ ಐನೂರು ಕಟ್ಟಿದ್ರಲ್ಲ, ಅದೇ. ಅಪ್ಡೇಟ್ ಆಗಿರೋ ದಿನ ಮಗು ಹುಟ್ಟಿ ಹದಿನೆಂಟು ದಿನಕ್ಕೆ.

ಮಾರನೇ ದಿನ ಅಂಚೆಯಣ್ಣ ಬರೋ ಹೊತ್ತಿಗೆ ಅಜ್ಜೀನ ಕರ್ಕೊಂಡು ಹೋದೆ. 2018ರಲ್ಲಿ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಶುರುವಾಯ್ತಲ್ಲ, ಅವರ ಹತ್ರ ಇರೋ ಮಷೀನಲ್ಲಿ ಬೇರೆ ಬ್ಯಾಂಕಿನ ಅಕೌಂಟಿದ್ರೂ ಬೆರಳಿಟ್ಟು ಬ್ಯಾಲೆನ್ಸ್ ನೋಡ್ಬಹುದು, ದುಡ್ಡು ತೆಗೀಬಹುದು, ಅದಕ್ಕೋಸ್ಕರ ಕಡೂರಿಗೇ ಹೋಗ್ಬೇಕು ಅಂತಿಲ್ಲ. ಬ್ಯಾಂಕ್ ಹೆಸರು ಸೆಲೆಕ್ಟ್ ಮಾಡಿ ಬೆರಳಿಟ್ರು, 11,300 ರೂಪಾಯಿ. ಒಂಬತ್ತು ತಿಂಗಳ 1200, ಜೊತೆಗೆ ಅವರೇ ಕಟ್ಟಿದ ಐನೂರು. ಒಂದು ರೂಪಾಯಿನೂ ಎಲ್ಲೂ ಹೋಗಿರ್ಲಿಲ್ಲ.

ಅಜ್ಜಿ ದುಡ್ಡಿನ ಬಗ್ಗೆ ಮೊದ್ಲು ಮಾತಾಡ್ಲೇ ಇಲ್ಲ. "ಹಂಗಾರೆ ಮಗೀಂದೇನಿಲ್ಲ ಅಲ್ವಾ" ಅಂದ್ರು. ಏನಿಲ್ಲ ಅಜ್ಜಿ, ಬ್ಯಾಂಕ್ ಬದಲಾಗಿತ್ತು ಅಷ್ಟೇ ಅಂದೆ. ಅಲ್ಲೇ ಕಟ್ಟೆ ಮೇಲೆ ಕೂತು ಸೆರಗಲ್ಲಿ ಮುಖ ಮುಚ್ಕೊಂಡು ಅತ್ರು, ಅಂಚೆಯಣ್ಣ ಸೈಕಲ್ ಹಿಡ್ಕೊಂಡು ಸುಮ್ನೆ ನಿಂತಿದ್ರು. ಆಮೇಲೆ ಮೂರು ಸಾವಿರ ತೆಗ್ಸಿ, ಮಿಕ್ಕಿದ್ದು ಅಲ್ಲೇ ಇರ್ಲಿ ಅಂದ್ರು.

ಕ್ಯಾಂಪ್ ಮುಗಿಯೋ ಅಷ್ಟರಲ್ಲಿ ಇನ್ನೂ ಹನ್ನೊಂದು ಜನ ಕವರ್ ಹಿಡ್ಕೊಂಡು ಬಂದಿದ್ರು. ಏಳು ದಿನಕ್ಕೆ ಮುಗಿಯೋ ಕೆಲ್ಸ ಅಲ್ಲ ಅದು. ನಾನೂ ನನ್ನ ಇಬ್ರು ಫ್ರೆಂಡ್ಸೂ ಭಾನುವಾರ ಬರ್ತೀವಿ ಅಂತ ಹೇಳಿ ಬಂದ್ವಿ. ಒಬ್ಬಳು ಬಿಟ್ಟಳು, ಅವಳ ಮನೇಲಿ ಕಷ್ಟ ಇತ್ತು, ಇನ್ನೊಬ್ಬಳು ಇನ್ನೂ ಬರ್ತಾಳೆ.

ಕೂರೋದು ಹಾಲಿನ ಡೈರಿ ಮುಂದೆ. ಮೊದ್ಲು ಪಂಚಾಯ್ತಿ ಆಫೀಸ್ ಹತ್ರ ಕೂತಿದ್ವಿ, ಯಾರೂ ಬರ್ಲಿಲ್ಲ. ಆಫೀಸ್ ಅಂದ್ರೆ ಕೆಲ್ಸ ಬಿಟ್ಟು ಬೇರೆ ಸೀರೆ ಉಟ್ಕೊಂಡು ಬರ್ಬೇಕು ಅವರು. ಡೈರಿಗಾದ್ರೆ ಹಾಲು ಹಾಕೋಕೆ ಹೇಗೂ ಬರ್ತಾರೆ, ಕ್ಯಾನ್ ಕೆಳಗಿಟ್ಟು ಹಾಗೇ ನಿಂತು ಕೇಳ್ತಾರೆ. ನೀವು ಯಾರಾದ್ರೂ ಇಂಥಾದ್ದು ಶುರು ಮಾಡೋದಾದ್ರೆ ಜಾಗದ್ದು ಮೊದ್ಲು ಯೋಚ್ನೆ ಮಾಡಿ, ಬ್ಯಾನರ್ ಗೀನರ್ ಎಲ್ಲಾ ಬೇಡ.

ಒಂದು ನೋಟ್‌ಬುಕ್ ಇಟ್ಟಿದೀನಿ, ಅದರಲ್ಲಿ ಆಧಾರ್ ನಂಬರ್ ಬರ್ಕೊಳ್ಳಲ್ಲ, ಫೋಟೋನೂ ತೆಗೆಯಲ್ಲ. ಯಾರ ಮನೆಯೋರು, ಏನಾಗಿದೆ, ಯಾವತ್ತಿಂದ, ಆ ಸಮಯದಲ್ಲಿ ಮನೇಲಿ ಏನಾಯ್ತು, ಇಷ್ಟೇ. ಆ ಕೊನೇದು ಅಜ್ಜಿಯಿಂದ ಕಲಿತದ್ದು. ದುಡ್ಡು ನಿಂತ ತಿಂಗಳಲ್ಲಿ ಏನಾಯ್ತು ಅಂತ ಕೇಳಿದ್ರೆ ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತೆ, ಸಿಮ್ ಬದಲಾಯ್ಸಿದ್ದು, ರೇಷನ್ ಕಾರ್ಡಿಂದ ಮಗನ ಸಂಸಾರ ಬೇರೆ ಮಾಡಿದ್ದು, ಹೊಸ ಅಕೌಂಟು. ಇನ್ನು ಹೆಸರಿನದ್ದು ಬೇರೆ, ರೇಷನ್ ಕಾರ್ಡಲ್ಲಿ ಲಕ್ಕಮ್ಮ, ಆಧಾರಲ್ಲಿ ಲಕ್ಷ್ಮಮ್ಮ, ಪಾಸ್‌ಬುಕ್ಕಲ್ಲಿ ಮೂರನೇ ಥರ, ಹೀಗಿರೋದು ಮನೆಮನೇಲೂ ಇದೆ. ಮೊದ್ಲು ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡೋದು ನಮ್ ಮೊದಲ ಕೆಲ್ಸ.

ಬೆರಳಿನ ವಿಷಯ ಹೇಳ್ಬೇಕು. ನಮ್ ಕಡೆ ಕಾಯಿ ಸುಲಿಯೋರು, ಕೊಬ್ಬರಿ ಕರಟ ಬಿಡಿಸೋ ಹೆಂಗಸರು, ಅವರ ಬೆರಳಲ್ಲಿ ಗೆರೆನೇ ಇರಲ್ಲ, ಸವೆದು ನುಣ್ಣಗಾಗಿರುತ್ತೆ. ಮಷೀನ್ ತಗೊಳ್ಳಲ್ಲ. "ನಂದು ಸರಿಯಿಲ್ಲ ಕಣವ್ವ" ಅಂತ ಅವರು ಕೈ ಹಿಂದಕ್ಕೆ ಎಳ್ಕೊಳ್ತಾರೆ, ಏನೋ ತಪ್ಪು ಮಾಡಿದೋರ ಥರ, ಅದು ನೋಡೋಕಾಗಲ್ಲ ನಂಗೆ. ಐವತ್ತು ವರ್ಷ ದುಡಿದ ಕೈ ಅದು. ಆಧಾರಲ್ಲಿ ಹತ್ತೂ ಬೆರಳು ತಗೊಂಡಿರ್ತಾರೆ, ಹೆಬ್ಬೆಟ್ಟೇ ಇಡ್ಬೇಕು ಅಂತ ರೂಲ್ಸಿಲ್ಲ. ಉಂಗುರದ ಬೆರಳು, ಎಡಗೈ ಬೆರಳು ಕಡಿಮೆ ಸವೆದಿರುತ್ತೆ, ಕೈ ತೊಳೆದು ಒರೆಸಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಮತ್ತೆ ಒರೆಸಿ ಇಟ್ರೆ ಎಷ್ಟೋ ಜನಕ್ಕೆ ಆಗಿದೆ. ಬೆಳಿಗ್ಗೆ ಕೆಲ್ಸಕ್ಕೆ ಹೋಗೋಕೆ ಮುಂಚೆ ಇಟ್ರೆ ಇನ್ನೂ ಒಳ್ಳೇದು.

ಈಗ ನನ್ನ ತಪ್ಪು. ಒಬ್ಬ ತಾತ ಇದಾರೆ, ನೋಡಿದ್ರೆ ಎಪ್ಪತ್ತರ ಹತ್ರ, ಆಧಾರಲ್ಲಿ 61. ಹುಟ್ಟಿದ ದಿನ ಜನವರಿ 1. ಆ ಊರಲ್ಲಿ ವಯಸ್ಸಾದೋರು ಸುಮಾರು ಜನ ಜನವರಿ 1ಕ್ಕೇ ಹುಟ್ಟಿದಾರೆ, ಯಾಕಂದ್ರೆ ಆಧಾರ್ ಮಾಡ್ಸೋವಾಗ ದಾಖಲೆ ಇರ್ಲಿಲ್ಲ, ಅಂದಾಜು ವಯಸ್ಸು ಹೇಳಿದ್ರು, ಅದರಿಂದ ವರ್ಷ ಹಾಕಿದ್ರು. ಹುಟ್ಟಿದ ದಿನ ತಿದ್ದೋಕೆ ಸಾಮಾನ್ಯವಾಗಿ ಒಂದೇ ಸಲ ಅವಕಾಶ, ಹಾಗಾಗಿ ಸರಿಯಾದ ದಾಖಲೆ ಇಲ್ದೆ ಅವಸರ ಮಾಡ್ಬಾರ್ದು. 60ರಿಂದ 64ರವರಿಗೆ 800 ರೂಪಾಯಿ ಪೆನ್ಷನ್ ಇದೆ, ಅದಕ್ಕಾದ್ರೂ ಮೊದ್ಲು ಹಾಕೋಣ ಅಂತ ಬಾಣಾವರದ ನಾಡಕಚೇರಿಗೆ ಕರ್ಕೊಂಡೋಗಿ ಅರ್ಜಿ ಕೊಡ್ಸಿದೆ. ಅಲ್ಲೀವರೆಗೂ ಸರಿ. ವಾಪಸ್ ಬರ್ತಾ ಬಸ್ಸಲ್ಲಿ "ಮುಂದಿನ ತಿಂಗಳು ಬರುತ್ತೆ ತಾತ" ಅಂದ್ಬಿಟ್ಟೆ. ಅವರ ಮುಖ ನೋಡಿ ಖುಷಿಗೆ ಬಂದ ಮಾತು ಅದು. ಅವರು ಅದನ್ನೇ ನಂಬ್ಕೊಂಡು ಅಂಗಡೀಲಿ ಸಾಲ ಹೇಳಿ ಸಾಮಾನು ತಂದಿದಾರೆ, ಮೊಮ್ಮಗಳಿಗೆ ಒಂದು ಸ್ವೆಟರೂ ತಂದಿದಾರೆ. ದುಡ್ಡು ಬಂದಿದ್ದು ನಾಲ್ಕು ತಿಂಗಳಾದ್ ಮೇಲೆ. ಮೂರು ಭಾನುವಾರ ಅವರು ಡೈರಿ ಹತ್ರ ಬಂದು ದೂರ ನಿಂತು ನನ್ನ ನೋಡಿ ಹೋಗ್ತಿದ್ರು, ಒಂದು ಮಾತು ಕೇಳ್ಲಿಲ್ಲ. ಬೈದಿದ್ರೆ ಪರ್ವಾಗಿರ್ಲಿಲ್ಲ ಅನ್ಸುತ್ತೆ. ಅಂಗಡಿಯೋರ ಹತ್ರ ನಾನೇ ಹೋಗಿ ವಿಷಯ ಹೇಳಿ ಸ್ವಲ್ಪ ದಿನ ತಡೀರಿ ಅಂತ ಕೇಳ್ಕೊಂಡೆ, ತಾತನ ಹತ್ರಾನೂ ನಂದೇ ತಪ್ಪು ಅಂತ ಹೇಳಿದೆ. ಅವತ್ತಿಂದ "ಬರುತ್ತೆ" ಅನ್ನೋ ಮಾತು ನಾನು ಆಡಲ್ಲ. ಅರ್ಜಿ ಇವತ್ತು ಕೊಟ್ಟಿದೀವಿ, ನಂಬರ್ ಇದು, ಇಂಥಾ ದಿನ ಹೋಗಿ ವಿಚಾರಿಸೋಣ, ಇಷ್ಟೇ ಹೇಳೋದು, ಅದನ್ನ ದೊಡ್ಡ ಅಕ್ಷರದಲ್ಲಿ ಒಂದು ಚೀಟೀಲಿ ಬರ್ದು ಅವರ ಕವರೊಳಗೆ ಇಡ್ತೀನಿ.

ತಾತನಿಗೆ ಸಾವಿರದಿನ್ನೂರೇ ಬರ್ಬೇಕು ನ್ಯಾಯವಾಗಿ. ಎರಡನೇ ಕ್ಲಾಸಿನ ತನಕ ಓದಿದ್ರಂತೆ, ಹಳೇ ಶಾಲೆ ದಾಖಲಾತಿ ರಿಜಿಸ್ಟರ್ ಹುಡುಕಿ ಕೊಡ್ತೀನಿ ಅಂತ ಹೆಡ್‌ಮಾಸ್ಟರ್ ಹೇಳಿದಾರೆ. ನೋಡ್ಬೇಕು.

ಮೊದಲ ಅಜ್ಜಿ ಈಗ ಕಡೂರಿಗೆ ಅಕೌಂಟಿನ ಚಿಂತೆ ಇಲ್ದೆ ಹೋಗಿ ಬರ್ತಾರೆ, ಬ್ಯಾಂಕಲ್ಲಿ ಫಾರಂ ಕೊಟ್ಟು ಮ್ಯಾಪಿಂಗ್ ಊರ ಹತ್ರದ ಬ್ಯಾಂಕಿಗೇ ವಾಪಸ್ ಮಾಡ್ಸಿದ್ವಿ. ಹೋದ ತಿಂಗಳು ಮೊಮ್ಮಗೂನ ಎತ್ಕೊಂಡು ಡೈರಿ ಹತ್ರ ಬಂದಿದ್ರು, ಎಲ್ಲರಿಗೂ ತೋರಿಸ್ತಾ ಇದ್ರು.

ಅವರ ಪಕ್ಕದ ಮನೆ ಅಜ್ಜೀದು ಮಾತ್ರ ಇನ್ನೂ ಆಗಿಲ್ಲ. ಹತ್ತು ಬೆರಳಲ್ಲಿ ಒಂದೂ ತಗೊಳ್ಳಲ್ಲ, ಕಣ್ಣಿಂದ ಮಾಡೋಣ ಅಂತ ಆಧಾರ್ ಸೆಂಟರಲ್ಲಿ ಪ್ರಯತ್ನ ಪಟ್ರು, ಎರಡೂ ಕಣ್ಣಿಗೆ ಪೊರೆ ಬಂದಿದೆ. ಹಾಸನದ ಸರ್ಕಾರಿ ಆಸ್ಪತ್ರೇಲಿ ದುಡ್ಡಿಲ್ದೆ ಆಪರೇಷನ್ ಮಾಡ್ತಾರೆ, ಹೆದರ್ಕೊಂಡು ಒಂದು ವರ್ಷದಿಂದ ಮುಂದಕ್ಕೆ ಹಾಕ್ತಿದ್ರು, ಈಗ ಒಪ್ಪಿದಾರೆ, ನೀನು ಜೊತೇಲಿ ಬಂದ್ರೆ ಮಾತ್ರ ಅಂತ. ಬರೋ ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡ್ತಿದೀವಿ. ಅವತ್ತು ಕಾಸ್ಟಿಂಗ್ ಟೆಸ್ಟ್ ಇತ್ತು, ಮೇಡಂ ಹತ್ರ ಕೇಳ್ದೆ, ಶನಿವಾರ ಬರೀ ಅಂದಿದಾರೆ.