ದ್ವೀಪದ ಕಾಡುಹಕ್ಕಿಗಳ ಉಳಿವಿಗೆ ಊರಿನವರು ಕೈಜೋಡಿಸುವ ಬಗೆ

ದ್ವೀಪದ ಕಾಡಿನ ಯಾವುದೋ ಹಕ್ಕಿ ಅಳಿವಿನ ಅಂಚಿನಲ್ಲಿದೆ ಎಂದು ತಿಳಿದೊಡನೆ ಊರಿನವರಿಗೆ ಮೊದಲು ಹೊಳೆಯುವುದು ಗಿಡ ನೆಡುವ ಕೆಲಸ. ಆ ಉತ್ಸಾಹ ಮೆಚ್ಚತಕ್ಕದ್ದು. ಆದರೆ ಗುದ್ದಲಿ ಹಿಡಿಯುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯದು: ಈ ಹಕ್ಕಿಯನ್ನು ಇಂದು ಕೊಲ್ಲುತ್ತಿರುವುದು ಏನು? ಗುವಾಮ್ ದ್ವೀಪಕ್ಕೆ ಎರಡನೆಯ ಮಹಾಯುದ್ಧದ ನಂತರ ಸರಕಿನೊಳಗೆ ಅಡಗಿ ಬಂದ ಕಂದು ಮರಹಾವು, ಮರಗಳು ನಿಂತಿದ್ದ ಹಾಗೆಯೇ, ಅಲ್ಲಿನ 12 ಸ್ಥಳೀಯ ಕಾಡುಹಕ್ಕಿ ಪ್ರಭೇದಗಳಲ್ಲಿ 10ನ್ನು ಆ ಕಾಡಿನಿಂದ ಇಲ್ಲವಾಗಿಸಿತು. ನ್ಯೂಜಿಲೆಂಡ್‌ನಲ್ಲಿ ಇಲಿ, ಸ್ಟೋಟ್ (ಮುಂಗುಸಿಯಂತೆ ಕಾಣುವ ಸಣ್ಣ ಬೇಟೆ ಪ್ರಾಣಿ), ಪೋಸಮ್ (ಮರ ಹತ್ತುವ, ಹೊಟ್ಟೆಚೀಲವಿರುವ ಪ್ರಾಣಿ) ಇವು ಗೂಡಿಗೆ ನುಗ್ಗುತ್ತವೆ. ಹವಾಯಿಯಲ್ಲಿ ಕೊಲ್ಲುವುದು ಸೊಳ್ಳೆ. ಮೂರು ಕಡೆಯೂ ಒಂದೇ ಬಗೆಯ ಶ್ರಮದಾನ ಏರ್ಪಡಿಸಿದರೆ ಎರಡು ಕಡೆಯಾದರೂ ಅದು ವ್ಯರ್ಥವಾಗುತ್ತದೆ.

ಆದ್ದರಿಂದ ಮೊದಲ ಹೆಜ್ಜೆಯಾಗಿ, ಆ ಕಾಡಿನಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಕ್ಷೇತ್ರ ಸಂಶೋಧಕರನ್ನೂ ಅರಣ್ಯ ಸಿಬ್ಬಂದಿಯನ್ನೂ ಕಂಡು, ಗೂಡಿನಲ್ಲಿ ಸಾಯುವ ಮರಿಗಳೆಷ್ಟು, ಬೆಳೆದ ಹಕ್ಕಿಗಳು ಸಾಯುವುದು ಯಾವುದರಿಂದ, ಕೈಗಳು ಸಾಲದೆ ನಿಂತುಹೋಗಿರುವ ಕೆಲಸ ಯಾವುದು ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಉಪಯುಕ್ತ, ಏಕೆಂದರೆ ಅದಕ್ಕೆ ಸಿಗುವ ಉತ್ತರ ಬಹುತೇಕ ಸಲ ಬೇಲಿ ತಪಾಸಣೆ, ಸಾಮಾನು ಹೊರುವುದು, ಹಾಳೆಗಳಲ್ಲಿರುವ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವುದು ಮುಂತಾದ, ಯಾರೂ ತಾವಾಗಿ ಮುಂದೆ ಬರದ ಕೆಲಸವಾಗಿರುತ್ತದೆ.

ಹವಾಯಿಯ ಸ್ಥಿತಿಯನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ಊರಿನವರ ಒಪ್ಪಿಗೆಗೆ ಅಲ್ಲಿರುವಷ್ಟು ಬೆಲೆ ಬೇರೆ ಕಡೆ ಕಾಣುವುದು ಅಪರೂಪ. 1826ರ ಸುಮಾರಿಗೆ ಹಡಗಿನ ನೀರಿನೊಡನೆ ಆ ದ್ವೀಪಗಳನ್ನು ತಲುಪಿದ ಕ್ಯೂಲೆಕ್ಸ್ ಸೊಳ್ಳೆ ಮುಂದೆ ಹಕ್ಕಿ ಮಲೇರಿಯಾವನ್ನು ಕಾಡಿನೆಲ್ಲೆಡೆ ಹರಡಿತು. ಸೋಂಕಿರುವ ಸೊಳ್ಳೆ ಒಂದೇ ಸಲ ಕಚ್ಚಿದರೂ ಕೆಂಪು ಗರಿಯ ಇಈವಿ ಹಕ್ಕಿಗಳಲ್ಲಿ ಸುಮಾರು 90 ಶೇಕಡಾ ಸಾಯುತ್ತವೆ. ಇಈವಿ ಸೇರಿರುವ, ಹವಾಯಿಯಲ್ಲಷ್ಟೇ ಕಾಣುವ ಹನಿಕ್ರೀಪರ್ ಎಂಬ ಹಕ್ಕಿ ಗುಂಪಿನಲ್ಲಿ ಒಂದು ಕಾಲಕ್ಕೆ 50ಕ್ಕೂ ಹೆಚ್ಚಿದ್ದ ಪ್ರಭೇದಗಳಲ್ಲಿ ಇಂದು ಉಳಿದಿರುವುದು 17. ಸುಮಾರು 1,500 ಮೀಟರ್‌ಗಿಂತ ಮೇಲಿನ ಚಳಿಯಲ್ಲಿ ಸೊಳ್ಳೆ ಮತ್ತು ರೋಗಾಣು ಎರಡೂ ಬೆಳೆಯಲಾರದೆ ಇದ್ದುದರಿಂದ ಎತ್ತರದ ಕಾಡುಗಳೇ ಹಕ್ಕಿಗಳಿಗೆ ಆಸರೆಯಾಗಿದ್ದವು. ಹವೆ ಬಿಸಿಯಾದಂತೆ ಸೊಳ್ಳೆಗಳು ಮೇಲೇರುತ್ತಿವೆ. ಕೌವಾಯಿ ದ್ವೀಪದ ಅತಿ ಎತ್ತರದ ಶಿಖರವೇ 1,600 ಮೀಟರ್ ಆಸುಪಾಸಿನದು. ಅಲ್ಲಿನ ಹಕ್ಕಿಗೆ ಇನ್ನು ಏರಿಹೋಗಲು ಜಾಗವಿಲ್ಲ. ಆ ದ್ವೀಪದ ಅಕಿಕಿಕಿ ಹಕ್ಕಿ 2023ರ ಅಂದಾಜಿನಂತೆ ಕಾಡಿನಲ್ಲಿ ಕೇವಲ 5ರಷ್ಟು ಉಳಿದಿತ್ತು.

ಇಂಥ ಕಡೆ, ಮನೆಯ ಹಿತ್ತಲಿನ ಬಕೆಟ್ ಬರಿದು ಮಾಡಿದರೆ ಬೆಟ್ಟದ ತುದಿಯ ಹಕ್ಕಿ ಉಳಿಯುತ್ತದೆ ಎಂದು ಯಾರಿಗೂ ಭರವಸೆ ಕೊಡಬಾರದು. ಕಾಡಿನ ಅಂಚಿನಲ್ಲಿ ವಾಸಿಸುವವರು ವಾರಕ್ಕೊಮ್ಮೆಯಾದರೂ ನಿಂತ ನೀರನ್ನು ಚೆಲ್ಲಬೇಕೆಂಬುದು ನಿಜ, ಏಕೆಂದರೆ ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ಆದರೆ ಮೇಲಿನ ಕಾಡಿನಲ್ಲಿ ನೀರು ನಿಲ್ಲುವುದು ಕಾಡುಹಂದಿಗಳು ಉತ್ತು ಹೊರಳಾಡಿದ ಗುಂಡಿಗಳಲ್ಲಿ ಮತ್ತು ಪಿಷ್ಟ ತಿನ್ನಲೆಂದು ಅವು ಬಗೆದು ಟೊಳ್ಳು ಮಾಡಿದ ಮರಜರೀಗಿಡಗಳ ಕಾಂಡದಲ್ಲಿ. ಆದಕಾರಣ ಬೇಲಿ ಹಾಕಿ ಹಂದಿಗಳನ್ನು ಹೊರಗಿಡುವ ಯೋಜನೆಗೆ ಬೆಂಬಲ ನೀಡುವುದು ಹೆಚ್ಚು ಫಲಕಾರಿ. ಆ ಮಾತುಕತೆಗೆ ಹಂದಿ ಬೇಟೆಗಾರರನ್ನು ಮೊದಲ ದಿನದಿಂದಲೇ ಕರೆಯಬೇಕು. ತಮ್ಮ ದಾರಿ ಮುಚ್ಚಿಹೋಗುವುದೆಂಬ ಅವರ ಆತಂಕ ಸಣ್ಣದಲ್ಲ, ಮತ್ತು ಕಾಡಿನ ಕಣಿವೆಗಳನ್ನು ಅವರಷ್ಟು ಬಲ್ಲವರೂ ಕಡಿಮೆ.

ಇದಕ್ಕಿಂತ ದೊಡ್ಡ ಕೆಲಸವೆಂದರೆ ಸೊಳ್ಳೆಗಳ ಸಂತತಿಯನ್ನೇ ಕುಗ್ಗಿಸುವುದು. ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾದ ಬೇರೊಂದು ತಳಿಯನ್ನು ಹೊತ್ತ ಗಂಡು ಸೊಳ್ಳೆಗಳನ್ನು ಕಾಡಿಗೆ ಬಿಟ್ಟರೆ, ಅವುಗಳೊಡನೆ ಕೂಡಿದ ಕಾಡಿನ ಹೆಣ್ಣುಗಳ ಮೊಟ್ಟೆ ಒಡೆಯುವುದಿಲ್ಲ. ಹವಾಯಿಯ ಮಾವಿ ದ್ವೀಪದಲ್ಲಿ 2023ರ ಕೊನೆಯಿಂದ ಹೆಲಿಕಾಪ್ಟರ್ ಮೂಲಕ ಈ ಕೆಲಸ ನಡೆದಿದೆ. ಆಕಾಶದಿಂದ ಸೊಳ್ಳೆ ಸುರಿಯುತ್ತಾರೆ ಎಂದು ಕೇಳಿದವರು ಬೆಚ್ಚಿಬೀಳುವುದು ಸಹಜ. ಅವರನ್ನು ಹೀಗಳೆಯಬಾರದು. ಸಭೆ ಸೇರಿಸಿ, ಆ ನೆಲದ ಹಿರಿಯರಿಗೂ ಸಂದೇಹವುಳ್ಳವರಿಗೂ ಮೊದಲು ಮಾತನಾಡಲು ಬಿಟ್ಟು, ಆಮೇಲೆ ಗಂಡು ಸೊಳ್ಳೆ ಕಚ್ಚುವುದಿಲ್ಲವೆಂಬುದನ್ನೂ, ಈ ಸೊಳ್ಳೆಗಳ ವಂಶವಾಹಿಯನ್ನು ತಿದ್ದಿಲ್ಲವೆಂಬುದನ್ನೂ, ವೋಲ್ಬಾಕಿಯಾ ಅನೇಕ ಕೀಟಗಳಲ್ಲಿ ಸಹಜವಾಗಿಯೇ ಇರುವುದೆಂಬುದನ್ನೂ ಸಾವಧಾನವಾಗಿ ತಿಳಿಸಬೇಕು. ಸರ್ಕಾರ ಸಾರ್ವಜನಿಕ ಅಭಿಪ್ರಾಯ ಕೇಳಿದಾಗ ಎಲ್ಲರೂ ಒಂದೇ ಅಚ್ಚಿನ ಪತ್ರಕ್ಕೆ ಸಹಿ ಹಾಕುವುದಕ್ಕಿಂತ, ಒಬ್ಬೊಬ್ಬರೂ ತಮಗೆ ಪರಿಚಯವಿರುವ ಕಾಡು, ಹಕ್ಕಿಗಳನ್ನು ಹೆಸರಿಸಿ ತಮ್ಮದೇ ಮಾತಿನಲ್ಲಿ ನಾಲ್ಕು ಸಾಲು ಬರೆಯುವುದು ಮೇಲು.

ಇಲಿಗಳೇ ಮುಖ್ಯ ಶತ್ರುವಾಗಿರುವ ಕಡೆ ಊರಿನ ಕೈಗೆ ನೇರ ಕೆಲಸವಿದೆ. ನ್ಯೂಜಿಲೆಂಡ್‌ನಲ್ಲಿ ಐದು ಮನೆಗಳಲ್ಲಿ ಒಂದು ಹಿತ್ತಿಲಲ್ಲಾದರೂ ಬೋನು ಇರಲಿ ಎಂದು ಸಲಹೆ ನೀಡುತ್ತಾರೆ. ಬೋನನ್ನು ಮರದ ಪೆಟ್ಟಿಗೆಯೊಳಗೆ ಇಟ್ಟು, ಹಕ್ಕಿ ನುಸುಳದಷ್ಟು ಕಿರಿದಾದ ಬಾಯಿ ಬಿಡಬೇಕು. ಇಲಿ ಬಯಲಿನಲ್ಲಿ ಓಡಾಡದೆ ಗೋಡೆ, ಬೇಲಿಯ ಬುಡ ಹಿಡಿದು ಸಾಗುವುದರಿಂದ ಪೆಟ್ಟಿಗೆಯನ್ನು ಅಲ್ಲಿಯೇ ಇಡಬೇಕು. ಒಳಗೆ ಕಡಲೆಕಾಯಿ ಬೆಣ್ಣೆಯನ್ನು ಸವರಿ, ಮೊದಲ ಕೆಲವು ದಿನ ಬೋನನ್ನು ಬಿಗಿಯದೆ ಬಿಟ್ಟರೆ ಇಲಿಯ ಅಂಜಿಕೆ ಕಳೆಯುತ್ತದೆ. ಬಿಗಿದ ಮೇಲೆ ತಪ್ಪದೆ ನೋಡಿ, ಸಿಕ್ಕಿದ್ದನ್ನೂ ಸಿಗದಿದ್ದುದನ್ನೂ ದಿನಾಂಕ ಸಹಿತ ಬರೆದಿಡಬೇಕು. ಖಾಲಿ ಬೋನಿನ ದಾಖಲೆ ಇಲ್ಲದೆ ಇಲಿ ಕಡಿಮೆಯಾಯಿತೋ ಇಲ್ಲವೋ ತಿಳಿಯುವುದು ಸಾಧ್ಯವಿಲ್ಲ. ವಿಷದ ಪೊಟ್ಟಣಗಳನ್ನು ತಾವಾಗಿ ತಂದು ಚೆಲ್ಲುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ವಿಷ ತಿಂದ ಇಲಿಯನ್ನು ಗೂಬೆ ಗಿಡುಗಗಳು ತಿನ್ನುತ್ತವೆ.

ಬೆಕ್ಕುಗಳ ವಿಷಯ ಸೂಕ್ಷ್ಮ. ಸಾಕಿದ ಬೆಕ್ಕನ್ನು ಮನೆಯೊಳಗೆ ಇಟ್ಟುಕೊಳ್ಳಿ, ಸಂತಾನಹರಣ ಮಾಡಿಸಿ, ಕಾಡಿನ ಬಳಿ ಬಿಟ್ಟ ಬೆಕ್ಕುಗಳಿಗೆ ಊಟ ಹಾಕಬೇಡಿ ಎಂದು ನೆರೆಯವರಿಗೆ ಪ್ರೀತಿಯಿಂದಲೇ ಹೇಳಬೇಕು.

ಕಾಡಿಗೆ ಹೋಗುವವರ ಬೂಟಿನ ತಳವೂ ಅಪಾಯ ತರಬಲ್ಲದು. ಹವಾಯಿಯ ಹಕ್ಕಿಗಳಿಗೆ ಮಕರಂದ ನೀಡುವ ಓಹಿಯಾ ಮರಗಳನ್ನು 2014ರಲ್ಲಿ ಗುರುತಿಸಲಾದ ಶಿಲೀಂಧ್ರ ರೋಗವೊಂದು ಕೊಲ್ಲುತ್ತಿದೆ, ಮತ್ತು ಅದು ತೊಗಟೆಯ ಗಾಯದ ಮೂಲಕ ಒಳಹೋಗುತ್ತದೆ. ಬೂಟಿನ ಹಲ್ಲುಗಳ ನಡುವಿನ ಮಣ್ಣನ್ನು ಬ್ರಶ್ಶಿನಿಂದ ಪೂರ್ತಿ ಉಜ್ಜಿ ತೆಗೆದ ಮೇಲೆ 70 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಂಪಡಿಸಬೇಕು. ಮಣ್ಣಿನ ಮೇಲೆಯೇ ಸಿಂಪಡಿಸಿದರೆ ಪ್ರಯೋಜನವಿಲ್ಲ. ಕೊಂಬೆ ಮುರಿಯಬಾರದು, ಕಟ್ಟಿಗೆಯನ್ನು ಒಂದು ದ್ವೀಪದಿಂದ ಇನ್ನೊಂದಕ್ಕೆ ಒಯ್ಯಬಾರದು.

ಕೊಲ್ಲುವ ಕಾರಣ ಹಿಡಿತಕ್ಕೆ ಬಂದ ಕಡೆ, ಅಥವಾ ಬರುತ್ತಿರುವ ಕಡೆ, ಗಿಡ ನೆಡುವುದಕ್ಕೆ ಅದರ ಪೂರ್ಣ ಬೆಲೆ ಸಿಗುತ್ತದೆ. ನ್ಯೂಜಿಲೆಂಡ್‌ನ ತಿರಿತಿರಿ ಮಾತಂಗಿ ದ್ವೀಪದಲ್ಲಿ 1984ರಿಂದ 1994ರವರೆಗೆ ಸ್ವಯಂಸೇವಕರು ಎರಡೂವರೆ ಲಕ್ಷಕ್ಕೂ ಹೆಚ್ಚು ಗಿಡ ನೆಟ್ಟರು, ಅಲ್ಲಿನ ಇಲಿಗಳನ್ನು 1993ರಲ್ಲಿ ನಿವಾರಿಸಲಾಯಿತು, ಮೇಯುವ ಹೊಲವಾಗಿದ್ದ ದ್ವೀಪ ಇಂದು ಅಪರೂಪದ ಹಕ್ಕಿಗಳ ನೆಲೆಯಾಗಿದೆ. ಬೀಜಗಳನ್ನು ಅದೇ ದ್ವೀಪದ ಕಾಡಿನಿಂದ, ಅನುಮತಿ ಪಡೆದು, ಹಲವಾರು ಮರಗಳಿಂದ ಸಂಗ್ರಹಿಸಬೇಕು. ನೆಟ್ಟವರೇ ಮೊದಲ ಕೆಲವು ವರ್ಷ ಕಳೆ ಕೀಳುವ ಹೊಣೆಯನ್ನೂ ಹೊರಬೇಕು, ಇಲ್ಲವಾದರೆ ಸಸಿಗಳ ಹೆಚ್ಚಿನ ಪಾಲು ಹುಲ್ಲಿನಡಿ ಸಾಯುತ್ತದೆ.

ಹಣ ಕೂಡಿಸುವವರು ಒಂದು ಬಾರಿಯ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ಬರುವ ಸಣ್ಣ ಮೊತ್ತವನ್ನು ಆಯ್ದುಕೊಳ್ಳಲಿ, ಏಕೆಂದರೆ ಬೋನುಗಳ ನಿರ್ವಹಣೆಗೆ, ಸೆರೆಯಲ್ಲಿ ಬೆಳೆಸುತ್ತಿರುವ ಹಕ್ಕಿಗಳ ಆಹಾರಕ್ಕೆ ಪ್ರತಿ ತಿಂಗಳೂ ಖರ್ಚಿದೆ. ನ್ಯೂಜಿಲೆಂಡ್‌ಗೆ ಸೇರಿದ ಚಾಥಮ್ ದ್ವೀಪಗಳ ಕಪ್ಪು ರಾಬಿನ್ ಹಕ್ಕಿ 1980ರಲ್ಲಿ 5 ಹಕ್ಕಿಗಳಿಗೆ ಇಳಿದಿತ್ತು, ಅವುಗಳಲ್ಲಿ ಮರಿ ಮಾಡಬಲ್ಲ ಹೆಣ್ಣು ಒಂದೇ. ಇಂದು 200ಕ್ಕೂ ಹೆಚ್ಚಿವೆ. ಅದರ ಮೊಟ್ಟೆಗಳನ್ನು ಬೇರೆ ಹಕ್ಕಿಗಳ ಗೂಡಿಗೆ ಸೇರಿಸಿ ಮರಿ ಮಾಡಿಸಿದ ಆ ಕೆಲಸ ವರ್ಷಗಟ್ಟಲೆ ನಡೆಯಿತು.

ಹಕ್ಕಿ ನೋಡಲು ಹೋದಾಗ ಅದರ ಕೂಗನ್ನು ಮೊಬೈಲಿನಲ್ಲಿ ನುಡಿಸಿ ಕರೆಯಬೇಡಿ, ಗೂಡಿನ ಜಾಗವನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಾಕಬೇಡಿ. ಕಂಡದ್ದನ್ನು ಸಮಯ, ಸ್ಥಳ, ಗುರುತಿಗೆಂದು ಹಕ್ಕಿಯ ಕಾಲಿಗೆ ತೊಡಿಸಿರುವ ಉಂಗುರಗಳ ಬಣ್ಣಗಳ ಸಮೇತ ಸಂಶೋಧಕರಿಗೆ ನೇರವಾಗಿ ತಿಳಿಸಿ. ಉಂಗುರದ ಬಣ್ಣಗಳನ್ನು ಯಾವ ಕಾಲಿನಲ್ಲಿ, ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ಕ್ರಮವಾಗಿ ಬರೆದರೆ ಮಾತ್ರ ಅದು ಯಾವ ಹಕ್ಕಿ ಎಂಬುದನ್ನು ಅವರು ಗುರುತಿಸಬಲ್ಲರು.