ಬಾಲ ನುಂಗದ ಮಾತು: ರೊಟ್ಟಿ ಯಂತ್ರದ ಡೆಮೊದಲ್ಲಿ ನನಗೆ ಫಲ ಕೊಟ್ಟದ್ದು

ರೊಟ್ಟಿ ಮಾಡುವ ಯಂತ್ರ ಮಾರಲು ಖಾನಾವಳಿ ಮಾಲೀಕರ ಮುಂದೆ ನಮ್ಮ ಧಾರವಾಡ ಮಾತಿನಲ್ಲೇ ಡೆಮೊ ಮಾಡ್ತೀನಿ ಅಂದಾಗ "ಇಂಗ್ಲಿಷ್ ಸ್ಲೈಡ್ ಇಲ್ಲಂದ್ರ ಯಾರು ನಂಬ್ತಾರ್ರೀ?" ಅಂದವರೇ ಬಹಳ. ಈಗ ಹುಬ್ಬಳ್ಳಿ, ಗದಗ ಕಡೆ ಹತ್ತು ಮಂದಿ ಕೂತರೆ ಇಬ್ಬರು ಮೂವರು ಮುಂಗಡ ಕೊಟ್ಟೇ ಏಳುತ್ತಾರೆ. ಮೊದಲು ಒಬ್ಬರು ಕೊಟ್ಟರೆ ಪುಣ್ಯ.

ರೊಕ್ಕ ಹಾಳಾದ ಲೆಕ್ಕ ಮೊದಲು. ಬೆಂಗಳೂರಿನ ಎರಡು ದಿನದ ತರಬೇತಿಗೆ 18,000 ರೂಪಾಯಿ ಹತ್ತಿರ ಹೋಯಿತು; ಕಲಿತದ್ದು ಕೈ ಆಡಿಸುವುದು. ಪ್ರೊಜೆಕ್ಟರ್ ಬಾಡಿಗೆ ಸಲಕ್ಕೆ 1,500. ಅದರ ಮೇಲೆ, ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೇ ಫಾಂಟಿನಲ್ಲಿ ಹೊಡೆದ ಸ್ಲೈಡು ಬೇರೆಯವರ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಎಲ್ಲ ಕಂಪ್ಯೂಟರಿಗೂ ತಿಳಿಯುವ ಯೂನಿಕೋಡ್ ಅಕ್ಷರದಲ್ಲಿ ಹೊಡೆದು ಪಿಡಿಎಫ್ ಮಾಡಿಟ್ಟುಕೊಂಡರೆ ಮುಗಿಯಿತು.

ನಿಜವಾದ ರೋಗ ಬೇರೆ ಕಡೆ ಇತ್ತು. ಕನ್ನಡದಲ್ಲಿ ಹೌದು, ಅಲ್ಲ ಎರಡೂ ವಾಕ್ಯದ ಬಾಲದಲ್ಲಿ ಬರುತ್ತವೆ. ಉಸಿರು ಮುಗಿಯುವುದೂ ಅಲ್ಲೇ. "ಈ ಮಶೀನಿಗೆ ಮೂರು ಫೇಸ್ ಕರೆಂಟ್ ಬೇಕಾಗಂಗಿಲ್ಲ" ಎಂಬುದರಲ್ಲಿ ಕೊನೆಯ "ಅಂಗಿಲ್ಲ" ನುಂಗಿದರೆ ಹಿಂದೆ ಕೂತವರಿಗೆ "ಬೇಕಾಗ..." ಅಷ್ಟೇ ಕೇಳುತ್ತದೆ. ಬೇಕೇಬೇಕು ಅಂತ ತಿಳಿದು ಎದ್ದು ಹೋಗುತ್ತಾರೆ.

ಔಷಧ ಹೀಗೆ. ಫೋನನ್ನು ಮಾತಾಡುವವರಿಂದ 20 ಅಡಿ ದೂರ, ಹಿಂದಿನ ಕುರ್ಚಿಯ ಮೇಲಿಟ್ಟು ರೆಕಾರ್ಡ್ ಮಾಡಬೇಕು. ವಿಡಿಯೊ ಬೇಡ, ಮುಖ ನೋಡುತ್ತ ಕೂತರೆ ಕಿವಿ ಕೆಲಸ ಮಾಡುವುದಿಲ್ಲ. ವಿಷಯ ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ, ತಿಳಿಯದ ಪದಕ್ಕೆಲ್ಲ ಗೀಟು ಹಾಕಿಸಬೇಕು. ಮೊದಲ ಸಲ ಹತ್ತು ನಿಮಿಷದ ಮಾತಿಗೆ ನಲವತ್ತರಷ್ಟು ಗೀಟು ಬಿದ್ದವು, ಬಹುತೇಕ ಕ್ರಿಯಾಪದಗಳಿಗೇ. ಆಮೇಲೆ ವಾಕ್ಯವನ್ನು ಏಳೆಂಟು ಪದಕ್ಕೆ ಕಡಿದು, ಕೊನೆಯ ಪದದ ಮುಂಚೆ ಅರ್ಧ ಉಸಿರಿನ ತಡೆ. ಎಲ್ಲಿ ಆಗುತ್ತದೋ ಅಲ್ಲಿ ಒಡೆದುಬಿಡುವುದೇ ವಾಸಿ: "ಮೂರು ಫೇಸ್ ಬ್ಯಾಡ. ಮನಿ ಕರೆಂಟ್ ಸಾಕು." ಮೂರು ವಾರ ದಿನಾ ಇಪ್ಪತ್ತು ನಿಮಿಷ ಹಿಡಿದರೆ ಗೀಟು ಐದಾರಕ್ಕೆ ಇಳಿಯುತ್ತವೆ.

ಬೆಲೆ ಬಿಟ್ಟು ಅಂಕಿ ಮೂರಕ್ಕಿಂತ ಹೆಚ್ಚು ಬೇಡ. ಯಂತ್ರಕ್ಕೆ 2.4 ಲಕ್ಷ ಅಂದಷ್ಟಕ್ಕೆ ಬಿಟ್ಟರೆ ಮುಖ ಸಿಂಡರಿಸುತ್ತಾರೆ. ರೊಟ್ಟಿಗೆ ಒಂದು ರೂಪಾಯಿ ಕೂಲಿ ಉಳಿತಾಯ, ದಿನಕ್ಕೆ 800 ರೊಟ್ಟಿ, 300 ದಿನಕ್ಕೆ ರೊಕ್ಕ ವಾಪಸ್. ಗುಣಾಕಾರ ಅವರೇ ಮಾಡಲಿ, ನೀವು ಬಾಯಿ ಮುಚ್ಚಿಕೊಂಡು ನಿಲ್ಲಿ. ಈ ಲೆಕ್ಕ ಮಾತಿನ ಯಾವ ಹೊತ್ತಿಗೆ ತರಬೇಕು ಅನ್ನುವುದನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುವುದಿಲ್ಲ, ನಮ್ಮ ರೊಟ್ಟಿಯೂ ಬೇಯಬೇಕಲ್ಲ!

ನಡುವೆ ಮಾಡಿದ ಬೇರೆ ಪ್ರಯೋಗಗಳು: ಹಲ್ಲಿನಲ್ಲಿ ಪೆನ್ಸಿಲ್ ಕಚ್ಚಿ ಮಾತಾಡಿದ್ದಕ್ಕೆ ದವಡೆ ನೋವಷ್ಟೇ ಬಂತು. ಪೇಪರ್ ಗಟ್ಟಿಯಾಗಿ ಓದಿದ್ದು ಉಲ್ಟಾ ಹೊಡೆಯಿತು, ಮಾತಿಗೆ ವಾರ್ತೆ ಓದುವ ಧಾಟಿ ಹತ್ತಿಕೊಂಡಿತು. ಕಾಲರ್ ಮೈಕ್, ಸುಮಾರು 900 ರೂಪಾಯಿ, ಉಪಯೋಗ ಆಯಿತು. ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಏಪ್ರಿಲ್‌ನಲ್ಲಿ ಫ್ಯಾನ್ ಬಂದ್ ಮಾಡಿದರೆ ಮಂದಿ ಕೂಡುವುದಿಲ್ಲ, ಹಚ್ಚಿದರೆ ಮೈಕಿನಲ್ಲಿ ಭರ್ರ್ ಅಂತ ಗಾಳಿ. ಸ್ಪಂಜಿನ ಟೊಪ್ಪಿಗೆ ತೆಗೆಯಬೇಡಿ. ಸ್ಪೀಕರಿನ ಮುಂದೆ ಹೋದರೆ ಕುಂಯ್ ಅನ್ನುತ್ತದೆ, ಯಾವಾಗಲೂ ಅದರ ಹಿಂದೆಯೇ ನಿಲ್ಲಬೇಕು.

ಮತ್ತೆ, ರೆಕಾರ್ಡ್ ಹಚ್ಚುವ ಮುಂಚೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಎಂಟನೇ ನಿಮಿಷಕ್ಕೆ ಕರೆ ಬಂತೆಂದರೆ ಮೊದಲಿಂದ ಶುರು.